ತೆಂಗಿನ ತೋಟದ ಆಚೆಗೆ 10 ಗಿಗಾಬಿಟ್: ಸಿಡಿಲಿನಿಂದ ಶುರುವಾದ ಒಂದು ಫೈಬರ್ ಕೆಲಸ

ಭರಣಿ ಮಳೆ ಶುರುವಾದ ದಿನ ಸಂಜೆ ಭಾವ ಫೋನ್ ಮಾಡಿದರು. “ಮತ್ತೆ ಹೋಯ್ತು ಕಣಪ್ಪ. ಈ ಸಲ ಸ್ವಿಚ್ ಒಂದೇ ಅಲ್ಲ, ಸ್ಟೋರೇಜ್ ಡಬ್ಬದ ನೆಟ್ ಲೈಟೂ ಬರ್ತಿಲ್ಲ.”

ಮೂರು ವರ್ಷದಲ್ಲಿ ಇದು ಮೂರನೇ ಸಲ. ಮೊದಲ ಎರಡು ಸಲ ಸ್ವಿಚ್, ಅಂದರೆ ನೆಟ್‌ವರ್ಕ್ ಕೇಬಲ್‌ಗಳನ್ನು ಜೋಡಿಸುವ ಡಬ್ಬಿ, ಬದಲಾಯಿಸಿ ಸುಮ್ಮನಾಗಿದ್ದೆವು. ಈ ಸಲ ಹೋಗಿದ್ದು ಮದುವೆ ವಿಡಿಯೋಗಳೆಲ್ಲ ಇರುವ ಸರ್ವರ್‌ನ ಮದರ್‌ಬೋರ್ಡ್. ಡಿಸ್ಕ್‌ಗಳು ಉಳಿದವು, ಅದೇ ಪುಣ್ಯ. ಜನ ಜೀವನದಲ್ಲಿ ಒಂದೇ ಸಲ ಮಾಡುವ ಮದುವೆ ಅದು, ಫುಟೇಜ್ ಹೋಯ್ತು ಅಂತ ಹೇಳೋಕೆ ಯಾವ ಮುಖ ಇರುತ್ತೆ?

ಜಾಗ ಹೇಗಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಅಕ್ಕ-ಭಾವನ ಮನೆ ತುಮಕೂರಿನ ಕ್ಯಾತ್ಸಂದ್ರದಿಂದ ಸ್ವಲ್ಪ ಒಳಗಿದೆ. ಮುಂದೆ ಮನೆ, ಮಧ್ಯೆ ತೆಂಗಿನ ತೋಟ, ತೋಟದ ಆ ತುದಿಯಲ್ಲಿ ಹಿಂದೆ ಕೊಬ್ಬರಿ ಅಟ್ಟ ಇದ್ದ ಜಾಗದಲ್ಲಿ ಕಟ್ಟಿದ ಎಡಿಟಿಂಗ್ ರೂಮು. ಭಾವ ಮದುವೆ, ಗೃಹಪ್ರವೇಶದ ವಿಡಿಯೋ ಮಾಡುತ್ತಾರೆ. ರಾತ್ರಿ ಕ್ಯಾಮೆರಾ ಕಾರ್ಡ್‌ಗಳು ಬರುವುದು ಮನೆಗೆ, ಇನ್ವರ್ಟರ್ ಇರುವುದೂ ಮನೆಯಲ್ಲೇ, ಹಾಗಾಗಿ ಸರ್ವರ್ ಮನೆಯಲ್ಲೇ ಇರಬೇಕು ಅನ್ನುವುದು ಅವರ ಹಟ. ಎಡಿಟ್ ಮಾತ್ರ ಆ ರೂಮಿನಲ್ಲಿ. ಎರಡಕ್ಕೂ ನಡುವೆ ಕೇಬಲ್ ಹೋಗುವ ದಾರಿ ಅಳೆದರೆ 95 ಮೀಟರ್. ಅಷ್ಟು ದೂರಕ್ಕೂ ಒಂದು ಕ್ಯಾಟ್6 ತಾಮ್ರದ ಕೇಬಲ್ಲು, ಮರದಿಂದ ಮರಕ್ಕೆ ಕಟ್ಟಿಕೊಂಡು ಹೋಗಿತ್ತು.

ತಪ್ಪು ಇದ್ದದ್ದು ಅಲ್ಲೇ. ಸಿಡಿಲು ಬಂದು ಕೇಬಲ್ ಮೇಲೇ ಬೀಳಬೇಕು ಅಂತೇನಿಲ್ಲ. ಅಕ್ಕಪಕ್ಕದ ತೋಟದಲ್ಲಿ ಯಾವುದೋ ಮರಕ್ಕೆ ಬಿದ್ದರೂ, ಉದ್ದಕ್ಕೆ ಎಳೆದ ತಾಮ್ರದ ತಂತಿಯಲ್ಲಿ ಆ ಹೊಡೆತಕ್ಕೆ ವೋಲ್ಟೇಜ್ ಹುಟ್ಟುತ್ತದೆ. ಇನ್ನೊಂದು ವಿಷಯ ಅರ್ಥಿಂಗ್‌ದು. ಮನೆಗೆ ಒಂದು ಅರ್ಥಿಂಗ್ ಗುಂಡಿ, ಎಡಿಟಿಂಗ್ ರೂಮಿಗೆ ಇನ್ನೊಂದು. ಸಿಡಿಲು ನೆಲಕ್ಕೆ ಇಳಿದ ಆ ಕ್ಷಣದಲ್ಲಿ ಎರಡು ಗುಂಡಿಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು. ಎರಡು ಕಟ್ಟಡಗಳನ್ನು ಜೋಡಿಸಿರುವ ತಾಮ್ರ ಆಗ ಸೇತುವೆ ಆಗುತ್ತದೆ. ಆ ಸೇತುವೆಯ ಎರಡು ತುದಿಯಲ್ಲಿ ಇರುವುದು ನಮ್ಮ ಸ್ವಿಚ್ಚು, ನಮ್ಮ ಸರ್ವರ್ರು. ಒಳ್ಳೇ ಸ್ವಿಚ್ ತಂದರೂ ಇದು ನಿಲ್ಲಲ್ಲ. ಸೇತುವೆಯನ್ನೇ ತೆಗೆಯಬೇಕು.

ಗಾಜಿನಲ್ಲಿ ಕರೆಂಟ್ ಹರಿಯಲ್ಲ. ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಡೇಟಾ ಕಳಿಸುವ ಫೈಬರ್ ಹಾಕೋಣ ಅಂತ ತೀರ್ಮಾನ ಮಾಡೋಕೆ ಇಷ್ಟೇ ಸಾಕಿತ್ತು.

ಭಾವ ತಂತಿಯಿಲ್ಲದೆ ಎರಡು ಕಡೆ ಜೋಡಿಸುವ ವೈಫೈ ಬ್ರಿಡ್ಜ್ ಹಾಕೋಣ್ವಾ ಅಂತ ಕೇಳಿದರು. ನಡುವೆ ತೆಂಗಿನ ಗರಿಗಳು, ಗಾಳಿ ಬಂದಾಗ ಒಂದು ಸ್ಪೀಡು, ಮಳೆ ಬಂದಾಗ ಇನ್ನೊಂದು. ಬೇಡ ಅಂದೆ.

ಸ್ಪೀಡ್ ನಿಜವಾಗಿ ಎಷ್ಟು ಬೇಕು?

ಇದನ್ನು ಕೇಳದೆ ಎಷ್ಟೋ ಜನ ನೇರ ಅಂಗಡಿಗೆ ಹೋಗುತ್ತಾರೆ. ಸಿಡಿಲಿಂದ ತಪ್ಪಿಸಿಕೊಳ್ಳುವುದಷ್ಟೇ ಗುರಿ ಆಗಿದ್ದರೆ 1 ಗಿಗಾಬಿಟ್ ಫೈಬರ್ ಸಾಕು. ಎರಡು ಮೀಡಿಯಾ ಕನ್ವರ್ಟರ್ (ತಾಮ್ರದ ಸಿಗ್ನಲನ್ನು ಬೆಳಕಾಗಿ ಬದಲಿಸುವ ಡಬ್ಬಿ), ಒಂದು ಕೇಬಲ್, ಕೆಲಸ ಮುಗೀತು. ಮನೆಗೆ ಇಂಟರ್ನೆಟ್ಟು, ಎರಡು ಸಿಸಿಟಿವಿ ಕ್ಯಾಮೆರಾ, ಇಷ್ಟಕ್ಕೆ 10 ಗಿಗಾಬಿಟ್ ಹಾಕೋದು ದುಡ್ಡು ದಂಡ.

ಭಾವನ ಲೆಕ್ಕ ಬೇರೆ. ಎರಡು ದಿನದ ಮದುವೆ, ಮೂರು ಕ್ಯಾಮೆರಾ, ಹತ್ತಿರ ಹತ್ತಿರ 600 ಜಿಬಿ. ಗಿಗಾಬಿಟ್ ಲಿಂಕಿನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹೋಗುತ್ತದೆ, ಅಂದರೆ ಒಂದೂವರೆ ಗಂಟೆ ಸುಮ್ನೆ ಕಾಯಬೇಕು. ಹಾಗಾಗಿ ಅವರು ಕಾಪಿ ಮಾಡಿಕೊಂಡು ತಮ್ಮ ಪಿಸಿಯಲ್ಲೇ ಎಡಿಟ್ ಮಾಡುತ್ತಿದ್ದರು, ಆಮೇಲೆ ವಾಪಸ್ ಹಾಕಲು ಮರೆಯುತ್ತಿದ್ದರು. ಒಂದೇ ಫುಟೇಜ್ ನಾಲ್ಕು ಕಡೆ, ಯಾವುದು ಸರಿ ಅಂತ ಗೊತ್ತಿಲ್ಲ. ಅವರಿಗೆ ಬೇಕಿದ್ದದ್ದು ಸರ್ವರ್‌ನಿಂದಲೇ ನೇರ ಎಡಿಟ್ ಮಾಡುವಷ್ಟು ವೇಗ.

ಸರ್ವರ್‌ನಲ್ಲಿ ನಾಲ್ಕು ಹಾರ್ಡ್ ಡಿಸ್ಕ್ ಇವೆ. ಒಂದೊಂದೇ ಸೆಕೆಂಡಿಗೆ 200 ಎಂಬಿ ಆಸುಪಾಸು ಕೊಡುತ್ತದೆ, ನಾಲ್ಕೂ ಸೇರಿದಾಗ ಓದುವ ವೇಗ 480ರ ಹತ್ತಿರ ಬರುತ್ತಿತ್ತು. ಈಗ ಎಡಿಟ್ ಆಗುತ್ತಿರುವ ಕೆಲಸಕ್ಕೆ ಅಂತ ಒಂದು ಎನ್‌ವಿಎಂಇ ಡಿಸ್ಕ್ ಬೇರೆ ಇದೆ, ಅದು ಇನ್ನೂ ಜಾಸ್ತಿ ಕೊಡುತ್ತದೆ. 2.5 ಗಿಗಾಬಿಟ್ ಹಾಕಿದ್ದರೆ 280ಕ್ಕೆ ನಿಂತುಬಿಡುತ್ತಿತ್ತು. 10 ಗಿಗಾಬಿಟ್ ಇಲ್ಲಿ ನ್ಯಾಯವಾಗಿಯೇ ಬೇಕಿತ್ತು. ಡಿಸ್ಕ್ ನಿಧಾನ ಇರುವ ಕಡೆ ಮಾತ್ರ ಮೊದಲು ಡಿಸ್ಕ್ ನೋಡಿ, ಕೇಬಲ್ ಆಮೇಲೆ.

ಕಿತ್ತಳೆ ಕೇಬಲ್ ಪುಕ್ಕಟೆ ಸಿಕ್ಕಿತ್ತು

ನಾನು ಬರುವುದಕ್ಕೆ ಮುಂಚೆಯೇ ಭಾವ ಒಂದು ಸುರುಳಿ ಕಿತ್ತಳೆ ಬಣ್ಣದ ಫೈಬರ್ ತಂದಿಟ್ಟಿದ್ದರು. ಯಾವುದೋ ಆಫೀಸ್ ಖಾಲಿ ಮಾಡುವಾಗ ಪರಿಚಯದವರು ಸುಮ್ನೆ ಕೊಟ್ಟಿದ್ದು. “ನೂರು ಮೀಟರ್ ಮೇಲಿದೆ, ಸಾಕಲ್ವಾ?” ಅಂದರು, ಖುಷಿಯಾಗಿದ್ದರು. ಕೇಬಲ್ ಮೈಮೇಲೆ ಅಚ್ಚಾಗಿದ್ದ ಅಕ್ಷರ ಟಾರ್ಚ್ ಹಾಕಿ ಓದಿದೆ. 62.5/125. ಅಂದರೆ ಓಎಂ1, ಹಳೇ ಕಾಲದ ಮಲ್ಟಿಮೋಡ್.

“ಭಾವ, ಇದರಲ್ಲಿ 10 ಗಿಗಾಬಿಟ್ 33 ಮೀಟರ್‌ಗೆ ನಿಲ್ಲುತ್ತೆ. ನಮ್ಮದು 95.”

ಅವರಿಗೆ ನಂಬಿಕೆ ಬರಲಿಲ್ಲ. ಬೆಳಕು ಅಂದಮೇಲೆ ಎಷ್ಟು ದೂರ ಬೇಕಾದರೂ ಹೋಗಬೇಕಲ್ಲ ಅನ್ನುವುದು ಅವರ ಪ್ರಶ್ನೆ, ಪ್ರಶ್ನೆ ಸರಿಯಾಗಿಯೇ ಇತ್ತು. ಮಲ್ಟಿಮೋಡ್‌ನಲ್ಲಿ ತೊಂದರೆ ಬೆಳಕು ಆರಿಹೋಗುವುದಲ್ಲ, ಹರಡಿಹೋಗುವುದು. ಗಾಜಿನ ಒಳಗಿನ ದಾರಿ ಅಗಲವಾಗಿದೆ, 62.5 ಮೈಕ್ರಾನ್. ಸಿದ್ಧಗಂಗೆ ಜಾತ್ರೆಗೆ ಒಂದೇ ಬಸ್ಸಿನಲ್ಲಿ ಇಳಿದ ಜನ ನೆನಪು ಮಾಡಿಕೊಳ್ಳಿ. ಕೆಲವರು ನೇರ ಹೋಗುತ್ತಾರೆ, ಕೆಲವರು ದನದ ಜಾತ್ರೆ ಸುತ್ತಿಕೊಂಡು ಬರುತ್ತಾರೆ, ಮಠದ ಬಾಗಿಲಿಗೆ ಬರುವಷ್ಟರಲ್ಲಿ ಮೊದಲ ಬಸ್ಸಿನವರೂ ಎರಡನೇ ಬಸ್ಸಿನವರೂ ಬೆರೆತುಹೋಗಿರುತ್ತಾರೆ. ಅಗಲವಾದ ಗಾಜಿನಲ್ಲೂ ಹೀಗೇ, ಒಂದೇ ಮಿಣುಕು ಹಲವು ದಾರಿ ಹಿಡಿದು ಬೇರೆ ಬೇರೆ ಹೊತ್ತಿಗೆ ತಲುಪುತ್ತದೆ. ಸೆಕೆಂಡಿಗೆ ಸಾವಿರ ಕೋಟಿ ಮಿಣುಕು ಕಳಿಸುವಾಗ ಒಂದರ ಬಾಲ ಇನ್ನೊಂದರ ತಲೆಗೆ ಅಂಟಿಕೊಳ್ಳುತ್ತದೆ. ಆ ಕಡೆ ಓದೋಕಾಗಲ್ಲ.

ಹೊಸ ಮಲ್ಟಿಮೋಡ್ ಇದನ್ನು ತುಂಬ ಮಟ್ಟಿಗೆ ಸರಿಮಾಡಿದೆ. ತಿಳಿ ನೀಲಿ-ಹಸಿರು ಬಣ್ಣದ ಓಎಂ3ನಲ್ಲಿ 10 ಗಿಗಾಬಿಟ್ 300 ಮೀಟರ್ ಹೋಗುತ್ತದೆ, ಓಎಂ4ನಲ್ಲಿ 400. ನಮ್ಮ 95 ಮೀಟರ್‌ಗೆ ಓಎಂ3 ಧಾರಾಳ. ಅದಕ್ಕೆ ಹಾಕುವ 850 ನ್ಯಾನೋಮೀಟರ್‌ನ ಎಸ್‌ಆರ್ ಮಾಡ್ಯೂಲ್ (ಕೇಬಲ್ ತುದಿಯಲ್ಲಿ ಬೆಳಕು ಕಳಿಸಿ, ಬಂದ ಬೆಳಕು ಓದುವ ಸಣ್ಣ ಪ್ಲಗ್) ಸ್ವಲ್ಪ ಅಗ್ಗ ಕೂಡ. ಅಂಗಡಿಯವರು ಹೇಳಿದ್ದೂ ಅದನ್ನೇ.

ಆದರೂ ನಾನು ಸಿಂಗಲ್‌ಮೋಡ್ ಅಂತ ಹಟ ಹಿಡಿದೆ. ಇದರಲ್ಲಿ ಬೆಳಕಿನ ದಾರಿ ಬರೀ 9 ಮೈಕ್ರಾನ್. ಒಂದೇ ದಾರಿ, ಹಾಗೆ ಹಲವು ದಾರಿ ಹಿಡಿದು ಹರಡುವ ಮಾತೇ ಇಲ್ಲ. ಅದಕ್ಕೆ 1310 ನ್ಯಾನೋಮೀಟರ್‌ನ ಎಲ್‌ಆರ್ ಮಾಡ್ಯೂಲ್, 10 ಕಿ.ಮೀ. ತನಕ ಹೋಗುವಂಥದ್ದು. ದೂರಕ್ಕಾಗಿ ಆರಿಸಿದ್ದಲ್ಲ. ತೋಟದಲ್ಲಿ ಎರಡಡಿ ಆಳಕ್ಕೆ ತೋಡಿ, ಬೇರು ಕಡಿದು, ಹನಿ ನೀರಾವರಿ ಪೈಪ್ ಬಿಚ್ಚಿ ಮತ್ತೆ ಜೋಡಿಸಿ ಹಾಕುವ ಕೇಬಲ್ಲನ್ನು ಇನ್ನೊಂದು ಸಲ ತೆಗೆಯಲು ಯಾರಿಗೂ ಮನಸ್ಸಿರುವುದಿಲ್ಲ. ತುದಿಯಲ್ಲಿರುವ ಮಾಡ್ಯೂಲ್ ಐದು ನಿಮಿಷದ ಕೆಲಸ. ನಾಳೆ 25 ಗಿಗಾಬಿಟ್ ಬೇಕಾಯ್ತು ಅಂದುಕೊಳ್ಳಿ. ಓಎಂ3ನಲ್ಲಿ ಅದರ ಮಿತಿ 70 ಮೀಟರ್, ಓಎಂ4ನಲ್ಲಿ 100. ಓಎಂ3 ನಮ್ಮ 95 ಮೀಟರ್‌ಗೆ ಆಗಲೇ ಬಾಗಿಲು ಹಾಕಿಬಿಡುತ್ತಿತ್ತು, ಓಎಂ4 ಕೂಡ ಅಂಚಿನಲ್ಲೇ ನಿಲ್ಲುತ್ತಿತ್ತು. ಸಿಂಗಲ್‌ಮೋಡ್‌ನಲ್ಲಿ 25 ಹಾಕಿ, 100 ಹಾಕಿ, ಗಾಜು ಅದೇ ಇರುತ್ತದೆ.

ಇನ್ನೊಂದು ಕಾರಣ ನಮ್ಮ ಊರಿನದು. ತುಮಕೂರಿನಲ್ಲಿ ಮನೆಮನೆಗೆ ಫೈಬರ್ ಇಂಟರ್ನೆಟ್ ಎಳೆಯುವವರು ಬಳಸುವುದು ಸಿಂಗಲ್‌ಮೋಡ್ ಡ್ರಾಪ್ ಕೇಬಲ್. ಸುಲಭವಾಗಿ ಸಿಗುವುದು ಅದೇ. ಗಾಜಿನ ಎಳೆಗಳನ್ನು ಕರಗಿಸಿ ಜೋಡಿಸುವ ಸ್ಪ್ಲೈಸಿಂಗ್ ಮಷಿನ್ ಇರುವ ಹುಡುಗರು ದಿನಾ ಮುಟ್ಟುವುದೂ ಅದನ್ನೇ. ರಾತ್ರಿ ಹೆಗ್ಗಣ ಕಡಿದರೆ ಬೆಳಗ್ಗೆ ಜೋಡಿಸುವವರು ಸಿಗುತ್ತಾರೆ. ಕಿತ್ತಳೆ ಸುರುಳಿಯನ್ನು ಭಾವ ಬೇಜಾರಿನಿಂದಲೇ ಅಟ್ಟಕ್ಕೆ ಹಾಕಿದರು.

ಕೇಬಲ್ ಒಳಗಿನ ಕಬ್ಬಿಣ

ಇಲ್ಲೇ ಒಂದು ಗಂಭೀರ ತಪ್ಪು ಆಗುವುದರಲ್ಲಿತ್ತು. ಮೊದಲು ತಂದ ಡ್ರಾಪ್ ಕೇಬಲ್ ಚಪ್ಪಟೆ ಇತ್ತು, ಪಕ್ಕದಲ್ಲಿ ಒಂದು ಗಟ್ಟಿ ತಂತಿ. ಕಂಬದಿಂದ ಕಂಬಕ್ಕೆ ಎಳೆಯುವಾಗ ಭಾರ ಹೊರಲು ಅಂತ ಇರುವ ಉಕ್ಕಿನ ತಂತಿ ಅದು. ನಾನು ಒಂದು ಗೇಣು ಕತ್ತರಿಸಿ ಸಿಗಿದು ನೋಡಿದೆ. ಗಾಜಿನ ಎರಡೂ ಪಕ್ಕದ ಸಣ್ಣ ಕಡ್ಡಿಗಳೂ ಉಕ್ಕಿನವೇ. ಅಯಸ್ಕಾಂತ ಹಿಡಿದರೆ ಟಪ್ ಅಂತ ಅಂಟಿಕೊಂಡಿತು.

ಸಿಡಿಲಿಗೆ ಹೆದರಿ ಫೈಬರ್ ಹಾಕುತ್ತಿದ್ದೇವೆ, ಆ ಫೈಬರ್ ಜೊತೆಗೇ 95 ಮೀಟರ್ ಉಕ್ಕಿನ ತಂತಿಯನ್ನು ಮನೆಯೊಳಗೆ ತರುತ್ತಿದ್ದೇವೆ! ಆರ್ಮರ್ಡ್ ಕೇಬಲ್‌ಗೂ ಇದೇ ಮಾತು. ಗಟ್ಟಿ ಇರುತ್ತದೆ, ಇಲಿ ಕಡಿಯಲ್ಲ ಅಂತ ಕೊಳ್ಳುತ್ತಾರೆ. ಕಟ್ಟಡದ ಹೊರಗೇ ಆ ಲೋಹವನ್ನು ಕತ್ತರಿಸಿ ನಿಲ್ಲಿಸದಿದ್ದರೆ ಅಥವಾ ಸರಿಯಾಗಿ ಅರ್ಥ್ ಮಾಡದಿದ್ದರೆ ತಾಮ್ರದ ಸೇತುವೆ ಹೋಗಿ ಉಕ್ಕಿನ ಸೇತುವೆ ಬಂತು ಅಷ್ಟೇ.

ಹಾಗಾಗಿ ಲೋಹವೇ ಇಲ್ಲದ ಕೇಬಲ್ ಕೇಳಿ ತರಿಸಿದೆವು. ಒಳಗೆ ಎಫ್‌ಆರ್‌ಪಿ ಕಡ್ಡಿ, ಅಂದರೆ ಗಾಜಿನ ನಾರು ಮತ್ತು ಅಂಟಿನಿಂದ ಮಾಡಿದ್ದು. ನಾಲ್ಕು ಎಳೆಯದ್ದು. ಗಾಜಿನ ಜಾತಿ ಜಿ.657ಎ2, ಇದನ್ನು 7.5 ಮಿ.ಮೀ. ತ್ರಿಜ್ಯದ ತಿರುವಿನ ತನಕ ಬಗ್ಗಿಸಬಹುದು. ಮಾಮೂಲಿ ಜಿ.652ಡಿಗೆ 30 ಮಿ.ಮೀ. ಬೇಕು. ಕಿಟಕಿ ಮೂಲೆಯಲ್ಲಿ, ಡಬ್ಬಿಯ ಒಳಗೆ ಸುತ್ತುವಾಗ ಈ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಬೇಕಾದ್ದು ಎರಡೇ ಎಳೆ, ಆದರೆ ಎರಡೆಳೆಗೂ ನಾಲ್ಕೆಳೆಗೂ ಬೆಲೆಯಲ್ಲಿ ಅಂಥಾ ವ್ಯತ್ಯಾಸ ಇಲ್ಲ. ತೋಡುವ ಕೂಲಿಯ ಮುಂದೆ ಅದು ಏನೂ ಅಲ್ಲ.

ಹೆಗ್ಗಣದ ಚಿಂತೆಗೆ ತೋಟಕ್ಕೆ ಬಳಸುವ ಕಪ್ಪು ಎಚ್‌ಡಿಪಿಇ ಪೈಪನ್ನೇ ಹಾಕಿದೆವು, 32 ಮಿ.ಮೀ.ದು. ಟಿಲ್ಲರ್ ಹಲ್ಲು ತಾಗದಿರಲಿ ಅಂತ ಎರಡಡಿ ಆಳ. ಜೆಸಿಬಿ ಬೇಡ ಅಂದೆ, ಮರದ ಬೇರು ಹಾಳಾಗುತ್ತದೆ. ಇಬ್ಬರು ಆಳು ಹಾರೆ, ಗುದ್ದಲಿ ಹಿಡಿದು ಎರಡು ದಿನ ತೋಡಿದರು. ಪೈಪಿನ ಒಳಗೆ ನೈಲಾನ್ ಹಗ್ಗ ಹಾಕಿ ಕೇಬಲ್ ಎಳೆದೆವು. ಎಳೆಯುವಾಗ ಹಗ್ಗ ಕಟ್ಟಬೇಕಾದ್ದು ಕಡ್ಡಿಗೆ ಮತ್ತು ಕೇಬಲ್ ಮೈಗೆ, ಗಾಜಿನ ಮೇಲೆ ಜಗ್ಗು ಬೀಳಬಾರದು. ಕೇಬಲ್ ಜೊತೆ ಇನ್ನೊಂದು ಖಾಲಿ ಹಗ್ಗವನ್ನೂ ಎಳೆದು ಅಲ್ಲೇ ಬಿಟ್ಟಿದ್ದೇವೆ. ಎರಡೂ ತುದಿಯಲ್ಲಿ ಮೂರು ಮೂರು ಮೀಟರ್ ಜಾಸ್ತಿ ಸುತ್ತಿಟ್ಟಿದ್ದೇವೆ. ಪೈಪಿನ ಬಾಯಿಗೆ ಫೋಮ್ ತುಂಬಿದೆವು, ಇಲ್ಲದಿದ್ದರೆ ಇರುವೆ ಸಾಲು ಹಿಡಿಯುತ್ತದೆ.

ಮಾಡ್ಯೂಲ್ ಆರಿಸಿದ್ದು

ಒಂದು ರಾತ್ರಿ ಭಾವ ಆನ್‌ಲೈನ್‌ನಲ್ಲಿ ನೋಡಿದ ಒಂದು ಲಿಂಕ್ ಕಳಿಸಿದರು. ಹಳೇ 40 ಕಿ.ಮೀ. ಮಾಡ್ಯೂಲ್, ಹೊಸ 10 ಕಿ.ಮೀ.ದಕ್ಕಿಂತ ಅಗ್ಗ. “40 ಅಂದ್ರೆ ಇನ್ನೂ ಗಟ್ಟಿ ಅಲ್ವಾ? ಇದನ್ನೇ ತಗೊಳ್ಳೋಣ.”

ಬೇಡ ಅಂತ ಆಗಲೇ ಫೋನ್ ಮಾಡಿದೆ. 40 ಕಿ.ಮೀ. ಅಂದರೆ ಹೆಚ್ಚುಕಡಿಮೆ ಇಲ್ಲಿಂದ ನೆಲಮಂಗಲ. ಅಷ್ಟು ದೂರ ಕೂಗಿ ಹೇಳುವ ಗಂಟಲನ್ನು ಕಿವಿಯ ಪಕ್ಕ ಇಟ್ಟ ಹಾಗೆ ಆಗುತ್ತದೆ. ಆ ಇಆರ್ ಮಾಡ್ಯೂಲ್ ಕಳಿಸುವ ಬೆಳಕು ಜಾಸ್ತಿ ಅಂದರೆ +4 ಡಿಬಿಎಂ (ಬೆಳಕಿನ ಬಲದ ಅಳತೆ; ನಷ್ಟವನ್ನು ಡಿಬಿಯಲ್ಲಿ ಹೇಳುತ್ತಾರೆ). ಅದರದ್ದೇ ರಿಸೀವರ್ ತಡೆದುಕೊಳ್ಳುವುದು ಮೈನಸ್ 1 ತನಕ. ನಡುವೆ ಬೆಳಕು ತಗ್ಗಿಸುವ ಅಟೆನ್ಯುಯೇಟರ್ ಹಾಕದೆ ನೂರು ಮೀಟರ್‌ಗೆ ಬಳಸಿದರೆ ರಿಸೀವರ್ ಕುರುಡಾಗುತ್ತದೆ, ಕೆಟ್ಟೂ ಹೋಗಬಹುದು. ಎಲ್‌ಆರ್‌ಗೆ ಈ ಭಯ ಇಲ್ಲ. ಅದು ಕಳಿಸುವ ಗರಿಷ್ಠ ಬೆಳಕು +0.5, ತಡೆದುಕೊಳ್ಳುವುದೂ +0.5. ಒಂದು ಮೀಟರ್ ಕೇಬಲ್‌ನಲ್ಲೂ ನಿಶ್ಚಿಂತೆಯಿಂದ ಹಾಕಬಹುದು.

ಕೆಳಗಿನ ಲೆಕ್ಕವನ್ನೂ ನೋಡಬೇಕು. ಎಲ್‌ಆರ್ ಕಡಿಮೆ ಅಂದರೂ ಮೈನಸ್ 8.2 ಡಿಬಿಎಂ ಕಳಿಸುತ್ತದೆ, ಮೈನಸ್ 14.4 ತನಕ ಕೇಳಿಸಿಕೊಳ್ಳುತ್ತದೆ. ದಾರಿಯಲ್ಲಿ 6.2 ಡಿಬಿ ಕಳೆದುಕೊಳ್ಳಬಹುದು. ನಮ್ಮ ದಾರಿಯಲ್ಲಿ ಹೋಗುವುದು ಎಷ್ಟು? ಗಾಜಿನಲ್ಲಿ ಕಿಲೋಮೀಟರ್‌ಗೆ 0.35, ನೂರು ಮೀಟರ್‌ಗೆ 0.04 ಕೂಡ ಇಲ್ಲ. ಎರಡು ತುದಿಗಳನ್ನು ಎದುರುಬದುರು ಕೂರಿಸುವ ಕಪ್ಲರ್ ಎರಡಕ್ಕೆ ತಲಾ 0.3, ಎರಡು ಸ್ಪ್ಲೈಸ್‌ಗೆ ತಲಾ 0.1. ಒಟ್ಟು 1 ಡಿಬಿ ಒಳಗೇ.

ಈ 0.35 ಅನ್ನುವ ಅಂಕಿ ನೋಡಿದಾಗಲೆಲ್ಲ ನನಗೆ ವಿಜ್ಞಾನಿ ಚಾರ್ಲ್ಸ್ ಕಾವೋ ನೆನಪಾಗುತ್ತಾರೆ. 1966ರಲ್ಲಿ ಅವರು ಮತ್ತು ಜಾರ್ಜ್ ಹಾಕ್‌ಹ್ಯಾಮ್ ಬರೆದ ಪ್ರಬಂಧದ ಗುರಿ ಕಿಲೋಮೀಟರ್‌ಗೆ 20 ಡಿಬಿ. ಬೆಳಕು ಆರುವುದು ಗಾಜಿನ ತಪ್ಪಲ್ಲ, ಅದರೊಳಗಿನ ಕಲ್ಮಶದ ತಪ್ಪು ಅಂತ ಅವರು ಹೇಳಿದಾಗ ಆ 20 ಕೂಡ ಕನಸು. 1970ರಲ್ಲಿ ಕಾರ್ನಿಂಗ್ ಕಂಪನಿಯವರು ಅದನ್ನು ಮುಟ್ಟಿದರು. 2009ರಲ್ಲಿ ಕಾವೋಗೆ ನೊಬೆಲ್ ಬಂತು. ಇವತ್ತು ತೆಂಗಿನ ತೋಟದಲ್ಲಿ ಹೂಳುವ ಮಾಮೂಲಿ ಕೇಬಲ್ 0.35ಕ್ಕೆ ಬಂದು ನಿಂತಿದೆ.

ಒಂದೇ ಎಳೆಯಲ್ಲಿ ಹೋಗುವ-ಬರುವ ಎರಡನ್ನೂ ಮಾಡುವ ಬೈಡೈ ಮಾಡ್ಯೂಲ್ ಕೂಡ ಇದೆ. ಒಂದು ತುದಿ 1270ರಲ್ಲಿ ಕಳಿಸಿ 1330ರಲ್ಲಿ ಕೇಳುತ್ತದೆ, ಇನ್ನೊಂದು ತುದಿ ಅದರ ಉಲ್ಟಾ. ಹಳೇ ಪೈಪಿನಲ್ಲಿ ಒಂದೇ ಎಳೆ ಇರುವವರಿಗೆ ಅದು ವರ. ನಮ್ಮಲ್ಲಿ ನಾಲ್ಕು ಎಳೆ ಇತ್ತು. ಬೈಡೈ ಆದರೆ ಸ್ಪೇರ್ ಅಂತ ಎರಡು ಜಾತಿಯೂ ಇಟ್ಟುಕೊಳ್ಳಬೇಕು. ಎಲ್‌ಆರ್ ಆದರೆ ಎರಡು ತುದಿಗೂ ಒಂದೇ, ಸ್ಪೇರ್ ಒಂದು ಸಾಕು. ಮೂರು ಎಲ್‌ಆರ್ ತರಿಸಿದೆವು.

ಎರಡೂ ಕಡೆ ಮೈಕ್ರೋಟಿಕ್‌ನ ಸಿಆರ್‌ಎಸ್305 ಸ್ವಿಚ್. ಅಂಗೈಗಿಂತ ಸ್ವಲ್ಪ ದೊಡ್ಡದು, ಫ್ಯಾನ್ ಇಲ್ಲ, 10 ಗಿಗಾಬಿಟ್ ಮಾಡ್ಯೂಲ್ ಕೂರುವ ನಾಲ್ಕು ಎಸ್‌ಎಫ್‌ಪಿ ಪ್ಲಸ್ ಪೋರ್ಟು, ಒಂದು ಗಿಗಾಬಿಟ್ ಪೋರ್ಟು. ಸರ್ವರ್‌ಗೂ ಪಿಸಿಗೂ ಇಂಟೆಲ್‌ನ ಹಳೇ ಎಕ್ಸ್520 ನೆಟ್‌ವರ್ಕ್ ಕಾರ್ಡ್. ಈ ಕಾರ್ಡಿನದ್ದು ಒಂದು ಗುಣ ಗೊತ್ತಿರಲಿ. ಫೈಬರ್ ಮಾಡ್ಯೂಲ್ ಅಂದರೆ ಇಂಟೆಲ್ ಕೋಡ್ ಇರುವುದೇ ಬೇಕು, ಬೇರೆ ಹಾಕಿದರೆ ಒಪ್ಪಲ್ಲ. ಪ್ರತಿ ಮಾಡ್ಯೂಲ್ ಒಳಗೂ ತಾನು ಯಾರ ಮನೆಯದು ಅಂತ ಬರೆದ ಸಣ್ಣ ಮೆಮೊರಿ ಇರುತ್ತದೆ, ಕಾರ್ಡು ಅದನ್ನೇ ಓದಿ ನೋಡುವುದು. ಸ್ವಿಚ್‌ಗೆ ಈ ತಕರಾರು ಇಲ್ಲ. ಅದಕ್ಕೇ ಎಲ್‌ಆರ್ ಮಾಡ್ಯೂಲ್ ಸ್ವಿಚ್ಚಿನಲ್ಲಿ ಹಾಕಿ, ಸ್ವಿಚ್ಚಿನಿಂದ ಕಾರ್ಡಿಗೆ ಒಂದು ಮೀಟರ್ ಡ್ಯಾಕ್ ಕೇಬಲ್ ಕೊಟ್ಟೆವು. ಡ್ಯಾಕ್ ಅಂದರೆ ಎರಡು ತುದಿಗೂ ಎಸ್‌ಎಫ್‌ಪಿ ಪ್ಲಗ್ ಕೂರಿಸಿರುವ ತಾಮ್ರದ ಕೇಬಲ್. ಎಕ್ಸ್520 ಅದನ್ನು ಯಾರದ್ದಾದರೂ ಒಪ್ಪುತ್ತದೆ. ಒಂದೇ ರೂಮಿನ ಒಳಗೆ ಅಗ್ಗದ್ದೂ ಅದೇ, ತಂಪಾಗಿ ಇರುವುದೂ ಅದೇ. ಆರ್‌ಜೆ45 ತುದಿಯ, ಅಂದರೆ ಮಾಮೂಲಿ ತಾಮ್ರದ ನೆಟ್ ಕೇಬಲ್ ಕೂರುವ, 10 ಗಿಗಾಬಿಟ್ ಮಾಡ್ಯೂಲ್ ಮಾತ್ರ ಬೇಡವೇ ಬೇಡ ಅಂದೆ. ಒಂದೊಂದೇ ಎರಡು-ಮೂರು ವಾಟ್ ಕುಡಿದು, ಫ್ಯಾನ್ ಇಲ್ಲದ ಸ್ವಿಚ್ಚನ್ನು ಕಾವಲಿ ಮಾಡಿಬಿಡುತ್ತದೆ.

ಹಸಿರು ತುದಿ, ನೀಲಿ ತುದಿ

ಸ್ಪ್ಲೈಸ್ ಮಾಡುವ ಹುಡುಗ ಸಂಜೆ ಬಂದ. ಹಗಲೆಲ್ಲ ಅವನಿಗೆ ಬೇರೆ ಕಡೆ ಕೆಲಸ. ಕೆಲಸ ನೋಡುವಂತಿತ್ತು. ಎಳೆಯ ಮೇಲಿನ ಬಣ್ಣದ ಪದರ ಕೆರೆದು, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದಾಗ ಒಂದು ಕೀಚ್ ಅನ್ನುವ ಸದ್ದು ಬರುತ್ತದೆ. ಆ ಸದ್ದು ಬಂದರೆ ಗಾಜು ಶುಚಿಯಾಗಿದೆ ಅಂತ ಲೆಕ್ಕ. ಕ್ಲೀವರ್‌ನಲ್ಲಿ ಟಕ್ ಅಂತ ಕತ್ತರಿಸಿ ಮಷಿನ್ ಒಳಗೆ ಇಟ್ಟ. ಪರದೆಯಲ್ಲಿ ಎರಡು ಕಂಬಗಳ ಹಾಗೆ ಕಾಣುವ ಗಾಜಿನ ತುದಿಗಳು ಹತ್ತಿರ ಬಂದವು, ಒಂದು ಸಣ್ಣ ಕಿಡಿ, ಆಮೇಲೆ ಗೆರೆಯೇ ಕಾಣಲಿಲ್ಲ. ನಷ್ಟ 0.02 ಅಂತ ತೋರಿಸಿತು.

ಆದರೆ ಅವನು ತಂದಿದ್ದ ಪಿಗ್‌ಟೇಲ್‌ಗಳ, ಅಂದರೆ ಒಂದು ತುದಿಗೆ ಪ್ಲಗ್ ಕೂರಿಸಿರುವ ತುಂಡು ಎಳೆಗಳ, ತುದಿ ಹಸಿರು. ಮನೆ ಇಂಟರ್ನೆಟ್‌ಗೆ ದಿನಾ ಹಾಕುವುದು ಅದೇ, ಎಸ್‌ಸಿ ಎಪಿಸಿ. “ಎಲ್ಲಾ ಕಡೆ ಇದೇ ಹಾಕೋದಣ್ಣ” ಅಂದ. ಹಸಿರು ತುದಿಯ ಗಾಜು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತದೆ. ನೀಲಿ ತುದಿ, ಅಂದರೆ ಯುಪಿಸಿ, ಓರೆ ಇಲ್ಲದೆ ನೇರ ಇರುತ್ತದೆ. ಎಸ್‌ಸಿ, ಎಲ್‌ಸಿ ಅಂದರೆ ಪ್ಲಗ್‌ನ ಎರಡು ಆಕಾರ. ಮಾಡ್ಯೂಲ್ ಕೇಳುವುದು ನೀಲಿ ಎಲ್‌ಸಿ. ಗೋಡೆ ಡಬ್ಬಿಯಲ್ಲಿ ಹಸಿರಿಗೆ ಹಸಿರು ಸೇರಿಸಿ, ಅಲ್ಲಿಂದ ಒಂದು ಕಡೆ ಹಸಿರು ಎಸ್‌ಸಿ, ಇನ್ನೊಂದು ಕಡೆ ನೀಲಿ ಎಲ್‌ಸಿ ಇರುವ ಪ್ಯಾಚ್ ಕಾರ್ಡ್ ಹಾಕಿದರೆ ಏನೂ ತೊಂದರೆ ಇಲ್ಲ. ಮನೆ ಕಡೆ ಹಾಗೇ ಮಾಡಿದೆವು. ಎಡಿಟಿಂಗ್ ರೂಮಿನಲ್ಲಿ ಕತ್ತಲೆ, ಕರೆಂಟ್ ಹೋಗಿತ್ತು, ಫೋನ್ ಟಾರ್ಚ್ ಬೆಳಕಿನಲ್ಲಿ ನಾನೇ ಕೈಯಾರೆ ನೀಲಿ ಕಪ್ಲರ್‌ಗೆ ಹಸಿರು ತುದಿಯನ್ನೂ, ಅದರ ಎದುರು ನೀಲಿ ಪ್ಯಾಚ್ ಕಾರ್ಡನ್ನೂ ಸೇರಿಸಿದೆ. ಅದು ಕೂರುತ್ತದೆ, ಕ್ಲಿಕ್ ಅಂತ ಸದ್ದೂ ಮಾಡುತ್ತದೆ.

ಮೊದಲು ಲೈಟೇ ಬರಲಿಲ್ಲ. ಅದು ಬೇರೆ ಕಾರಣಕ್ಕೆ, ಕಳಿಸುವ ಎಳೆಗೆ ಕಳಿಸುವ ಎಳೆಯೇ ಸಿಕ್ಕಿತ್ತು. ಒಂದು ತುದಿಯಲ್ಲಿ ಎಲ್‌ಸಿ ಜೋಡಿಯನ್ನು ಅದಲುಬದಲು ಮಾಡಿದೆ, ಬಂತು. ಭಾವ ಖುಷಿಯಿಂದ ಒಂದು ಫೈಲ್ ಎಳೆದರು. ಓಡುತ್ತದೆ, ನಿಲ್ಲುತ್ತದೆ. ಮತ್ತೆ ಓಡುತ್ತದೆ.

ಸ್ವಿಚ್ ಒಳಗೆ ಹೋಗಿ ಮಾಡ್ಯೂಲ್ ಹೇಳುವ ಅಂಕಿ ಓದಿದೆ. ಡಿಡಿಎಂ (ಬೆಳಕಿನ ಬಲ ತಾನೇ ಅಳೆದು ಹೇಳುವ ಸೌಲಭ್ಯ) ಇರುವ ಮಾಡ್ಯೂಲನ್ನೇ ಕೇಳಿ ತಗೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಎರಡು ಕಡೆಯೂ ಕಳಿಸುತ್ತಿದ್ದದ್ದು ಮೈನಸ್ 2ರ ಆಸುಪಾಸು, ಸರಿ ಇತ್ತು. ಎಡಿಟಿಂಗ್ ರೂಮಿಗೆ ಬರುತ್ತಿದ್ದದ್ದು ಮೈನಸ್ 13.8. ಕಳೆದುಹೋಗಬೇಕಾದ್ದು 1 ಡಿಬಿ, ಹೋಗುತ್ತಿರುವುದು ಹತ್ತಕ್ಕಿಂತ ಮೇಲೆ. ತಪ್ಪಾಗಿ ಬಂದ ಪ್ಯಾಕೆಟ್‌ಗಳ ಎಣಿಕೆ ಕಣ್ಣೆದುರೇ ಏರುತ್ತಿತ್ತು.

ಹುಡುಗ ಕೆಂಪು ಲೈಟ್ ಪೆನ್ ಹಾಕಿದ. ಎಲ್ಲಾದರೂ ಕೇಬಲ್ ಮಡಿಸಿದ್ದರೆ ಅಲ್ಲಿ ಕೆಂಪಗೆ ಸೋರುತ್ತದೆ. ತಿರುವಿನಲ್ಲಿ ಏನೂ ಸೋರಲಿಲ್ಲ. ಕಪ್ಲರ್ ಮಾತ್ರ ಕೆಂಡದ ಹಾಗೆ ಹೊಳೆಯಿತು. ಬಿಚ್ಚಿ ನೋಡಿದರೆ ಒಂದು ಕಡೆ ಹಸಿರು, ಒಂದು ಕಡೆ ನೀಲಿ. ಓರೆ ಗಾಜಿಗೆ ನೇರ ಗಾಜು ಒತ್ತಿ, ನಡುವೆ ಸಂದು. ಸಾಲದ್ದಕ್ಕೆ ತೋಡಿದ ಮಣ್ಣಿನ ಧೂಳು ಕೂಡ ಸೇರಿತ್ತು. 9 ಮೈಕ್ರಾನ್ ದಾರಿಗೆ ಒಂದು ಧೂಳಿನ ಕಣವೇ ಬಂಡೆ. ಹಸಿರು ಕಪ್ಲರ್, ಸರಿಯಾದ ಪ್ಯಾಚ್ ಕಾರ್ಡ್, ಎಲ್ಲ ತುದಿಗೂ ಒಂದೊಂದು ಸಲ ಕ್ಲೀನರ್ ಪೆನ್ ಒತ್ತಿ ಮತ್ತೆ ಸೇರಿಸಿದೆವು. ಮೈನಸ್ 3.1.

ಒಂದು ಮಾತು, ದಯವಿಟ್ಟು. ಲೈಟ್ ಬರ್ತಿದ್ಯಾ ಅಂತ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. 1310 ಕಣ್ಣಿಗೆ ಕಾಣುವ ಬೆಳಕೇ ಅಲ್ಲ. ಕಾಣಲ್ಲ ಅಂದರೆ ಇಲ್ಲ ಅಂತಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಖಾಲಿ ಪೋರ್ಟ್‌ಗಳಿಗೆ ಮುಚ್ಚಳ ಹಾಕಿಡಿ.

ಇನ್ನೂ 3.3ಕ್ಕೇ ನಿಂತಿತ್ತು

ಲಿಂಕ್ ಗಟ್ಟಿಯಾಯಿತು. ಲಿಂಕಿನ ವೇಗ ಅಳೆಯುವ ಐಪರ್ಫ್ ಓಡಿಸಿದರೆ ಸೆಕೆಂಡಿಗೆ 3.3 ಗಿಗಾಬಿಟ್. ತಪ್ಪು ಪ್ಯಾಕೆಟ್ ಒಂದೂ ಇಲ್ಲ. ಹುಡುಗನಿಗೆ ಫೈಬರ್ ಮೇಲೇ ಅನುಮಾನ, ಮತ್ತೆ ಸ್ಪ್ಲೈಸ್ ಮಾಡಲು ಎದ್ದ. ನಾನು ತಡೆದೆ. ಗಾಜು ಹೀಗೆ ಅರ್ಧಂಬರ್ಧ ಕೆಲಸ ಮಾಡಲ್ಲ. ಬೆಳಕು ಸರಿ ಇದ್ದು, ತಪ್ಪೂ ಇಲ್ಲದೆ ವೇಗ ಒಂದೇ ಕಡೆ ಅಲುಗಾಡದೆ ನಿಂತಿದೆ ಅಂದರೆ ತಡೆ ಬೇರೆ ಕಡೆ ಇದೆ.

ಭಾವನ ಪಿಸಿ ಬಿಚ್ಚಿದೆವು. ಕಾರ್ಡ್ ಕೂತಿದ್ದ ಸ್ಲಾಟ್ ಉದ್ದ ನೋಡಿದರೆ 16 ಲೇನಿನದ್ದು (ಲೇನ್ ಅಂದರೆ ಡೇಟಾ ಓಡುವ ಪಥ). ಮದರ್‌ಬೋರ್ಡಿನ ಪುಸ್ತಕ ನೋಡಿದರೆ ಒಳಗೆ ಒಂದೇ ಲೇನ್. ಎಕ್ಸ್520 ಪಿಸಿಐಇ 2.0 (ಇಂಥ ಸ್ಲಾಟಿನ ಹಳೇ ತಲೆಮಾರು) ಕಾಲದ ಕಾರ್ಡು, ಅದರಲ್ಲಿ ಒಂದು ಲೇನ್ ಅಂದರೆ ಸೆಕೆಂಡಿಗೆ 500 ಎಂಬಿ, ಅದರ ಮೇಲುಖರ್ಚು ಕಳೆದರೆ ನಾವು ನೋಡಿದ ಅಂಕಿಯೇ ಬರುತ್ತದೆ. ನಾಲ್ಕು ಲೇನ್ ಇರುವ ಸ್ಲಾಟಿನಲ್ಲಿ ಕ್ಯಾಪ್ಚರ್ ಕಾರ್ಡ್ ಕೂತಿತ್ತು, ಅದಕ್ಕೆ ಒಂದು ಲೇನ್ ಸಾಕು. ಎರಡನ್ನೂ ಅದಲುಬದಲು ಮಾಡಿದೆವು. 9.4 ಗಿಗಾಬಿಟ್.

ಆ 600 ಜಿಬಿ ಈಗ ಡಿಸ್ಕ್‌ಗಳಿಂದ 20 ನಿಮಿಷದ ಆಸುಪಾಸಿನಲ್ಲಿ ಬರುತ್ತದೆ. ಆದರೆ ಭಾವ ಈಗ ಕಾಪಿಯೇ ಮಾಡುತ್ತಿಲ್ಲ. ಸರ್ವರ್‌ನಲ್ಲೇ ಟೈಮ್‌ಲೈನ್ ತೆಗೆದು ಅಲ್ಲೇ ಕತ್ತರಿಸುತ್ತಾರೆ. ಜಂಬೋ ಫ್ರೇಮ್ (ದೊಡ್ಡ ಪ್ಯಾಕೆಟ್) ಮುಂತಾದ ಸೆಟ್ಟಿಂಗ್‌ಗಳನ್ನು ನಾನು ಮುಟ್ಟಲಿಲ್ಲ, ಇಷ್ಟಕ್ಕೆ ಬೇಕಾಗಲಿಲ್ಲ.

ಸಿಡಿಲಿನ ವಿಷಯ ಪೂರ್ತಿ ಮುಗಿದಿಲ್ಲ ಅಂತ ಭಾವನಿಗೆ ಆಗಲೇ ಹೇಳಿದ್ದೆ. ನೆಟ್‌ವರ್ಕ್ ದಾರಿ ಮುಚ್ಚಿದೆ, ಕರೆಂಟಿನ ದಾರಿ ತೆರೆದೇ ಇದೆ. ಎಡಿಟಿಂಗ್ ರೂಮಿಗೆ ಮನೆಯಿಂದಲೇ ವೈರ್ ಹೋಗಿದೆ. ಹಾಗಾಗಿ ಎರಡೂ ಕಡೆ ಮೇನ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಎರಡೂ ಅರ್ಥಿಂಗ್ ಗುಂಡಿ ಹೊಸದಾಗಿ ಮಾಡಿಸಿದೆವು. ಹಳೇ ಕ್ಯಾಟ್6 ಕೇಬಲ್ ಮರದ ಮೇಲೇ ಇರಲಿ, ಮುಂದೆ ಬೇಕಾಗಬಹುದು ಅಂದರು ಭಾವ. ನಾನು ಒಪ್ಪಲಿಲ್ಲ. ಎರಡೂ ತುದಿ ಬಿಚ್ಚಿ, ಕೇಬಲ್ ಪೂರ್ತಿ ಇಳಿಸಿ ಸುತ್ತಿದ ಮೇಲೆಯೇ ಮನೆಗೆ ಹೊರಟಿದ್ದು.

ಈ ವರ್ಷದ ಭರಣಿ ಮಳೆಯಲ್ಲಿ ಗುಡುಗು ಜೋರಾಗಿಯೇ ಇತ್ತು. ರಾತ್ರಿ ಒಂಬತ್ತೂವರೆಗೆ ಭಾವನ ಫೋನ್ ಬಂದಾಗ ಎದೆ ಧಸಕ್ ಅಂದಿತು. “ಏನಿಲ್ಲಪ್ಪ, ರೆಂಡರ್ ಆಗ್ತಿದೆ, ಸುಮ್ನೆ ಹೇಳೋಣ ಅಂತ ಮಾಡಿದೆ” ಅಂದರು.

ನೀಲಿ, ಕಿತ್ತಳೆ ಎಳೆಗಳಲ್ಲಿ ಲಿಂಕ್ ಓಡುತ್ತಿದೆ. ಹಸಿರು, ಕಂದು ಎಳೆಗಳಿಗೂ ಪಿಗ್‌ಟೇಲ್ ಹಾಕಿಸಿ, ಮುಚ್ಚಳ ಹಾಕಿ ಡಬ್ಬಿಯೊಳಗೆ ಸುತ್ತಿಟ್ಟಿದ್ದೇನೆ. ಎಡಿಟಿಂಗ್ ರೂಮಿನ ಪಕ್ಕದ ಪಂಪ್ ಹೌಸಿಗೆ ಒಂದು ಕ್ಯಾಮೆರಾ ಬೇಕು ಅಂತ ಅಕ್ಕ ಆಗಲೇ ಎರಡು ಸಲ ಕೇಳಿದ್ದಾಳೆ.